ಕೌಂಟರ್ ಮುಚ್ಚುವ ಮುಂಚೆ ಇದನ್ನು ಓದಿ

ಬ್ಯಾಂಕು, ಆಸ್ಪತ್ರೆ, ಕಚೇರಿಗಳಲ್ಲಿ ಜನರಿಗೆ ಸೇವೆ ಹೇಗೆ ಸಿಗಬೇಕು ಎಂದು ತೀರ್ಮಾನ ಮಾಡುವವರಿಗೆ, ಮತ್ತು ಫೋನು, ಆಪ್ ರೂಪಿಸುವವರಿಗೆ,

ಮಾನ್ಯರೇ,

ನಾನು ವಯಸ್ಸಾದವರಿಗೆ ಸ್ಮಾರ್ಟ್‌ಫೋನ್ ಬಳಸೋದನ್ನು ಹೇಳಿಕೊಡುತ್ತೇನೆ. ಸಂಬಳದ ಕೆಲಸ ಅಲ್ಲ, ಬಿಡುವಿನಲ್ಲಿ ಇಷ್ಟಪಟ್ಟು ಮಾಡೋದು. ಫೋನಿನಿಂದ ಅವರಿಗೆ ಸಿಗುವ ಖುಷಿಯನ್ನು ಹತ್ತಿರದಿಂದ ನೋಡಿದ್ದೇನೆ. ದೂರದಲ್ಲಿರುವ ಮೊಮ್ಮಗು ನಡೆಯಲು ಕಲಿಯೋದನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಕಣ್ಣು ತುಂಬಿಕೊಂಡವರಿದ್ದಾರೆ. ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿಯನ್ನು ಎಷ್ಟೋ ವರ್ಷಗಳ ನಂತರ ಹುಡುಕಿ ಮಾತಾಡಿಸಿದವರಿದ್ದಾರೆ. ಹಾಗಾಗಿ ತಂತ್ರಜ್ಞಾನ ಬೇಡ ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ನನ್ನ ತಕರಾರು ಬೇರೆ. ನೀವು ಆಪ್ ಕೊಡುತ್ತಿದ್ದೀರಿ. ಅದರ ಜೊತೆಗೇ ಕೌಂಟರ್‌ನಲ್ಲಿ ಕೂತಿದ್ದ ಮನುಷ್ಯರನ್ನು ಎಬ್ಬಿಸಿ ಕಳಿಸುತ್ತಿದ್ದೀರಿ. ಆಪ್ ಇರಲಿ. ಆ ಮನುಷ್ಯರೂ ಇರಲಿ. ನಾನು ಕೇಳೋದು ಇಷ್ಟೇ.

ಇದು ಅನುಕೂಲ, ಅನನುಕೂಲದ ಮಾತಲ್ಲ. ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆ ಜನರ ನಡುವಿನ ಸಂಪರ್ಕದ ಬಗ್ಗೆಯೇ 2023ರಲ್ಲಿ ಒಂದು ಆಯೋಗ ರಚಿಸಿತು. 2025ರ ಜೂನ್‌ನಲ್ಲಿ ಅದರ ವರದಿ ಬಂತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅನ್ನುತ್ತದೆ ಆ ವರದಿ. ವಯಸ್ಸಾದವರಲ್ಲಂತೂ ಮೂವರಲ್ಲಿ ಒಬ್ಬರವರೆಗೂ ಜನಸಂಪರ್ಕ ಕಡಿದುಹೋಗಿರಬಹುದು ಎಂಬ ಅಂದಾಜು ಅದರಲ್ಲಿದೆ. ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳ ಹಿಂದೆ ಒಂಟಿತನದ ಪಾತ್ರ ಇದೆಯಂತೆ. ಅಂದರೆ ಗಂಟೆಗೆ ಸುಮಾರು 100. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2020ರಲ್ಲಿ ವಯಸ್ಸಾದವರ ಬಗ್ಗೆಯೇ ಒಂದು ವರದಿ ತಂದವು. ಜನರಿಂದ ದೂರವಾಗಿ ಬದುಕುವವರಿಗೆ ಮರೆವಿನ ಕಾಯಿಲೆ ಬರುವ ಅಪಾಯ ಸುಮಾರು ಶೇ. 50ರಷ್ಟು ಜಾಸ್ತಿ ಎಂದು ಅದು ಹೇಳಿತು. ಒಂಟಿತನ ಅಥವಾ ಜನಸಂಪರ್ಕದ ಕೊರತೆ ಇರುವವರಿಗೆ ಹೃದ್ರೋಗದ ಅಪಾಯ ಶೇ. 29, ಪಾರ್ಶ್ವವಾಯುವಿನ ಅಪಾಯ ಶೇ. 32ರಷ್ಟು ಹೆಚ್ಚು ಎಂದಿತು.

ಇಷ್ಟು ದೊಡ್ಡ ವಿಷಯಕ್ಕೂ ನಮ್ಮ ಕೌಂಟರ್‌ಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ.

ಒಂಟಿಯಾಗಿ ಇರುವ ಒಬ್ಬ ಹಿರಿಯರ ವಾರ ಹೇಗಿರುತ್ತದೆ ಅಂತ ಯೋಚಿಸಿ. ಕೆಲಸದಿಂದ ನಿವೃತ್ತಿಯಾಗಿದೆ. ಸಂಗಾತಿ ಇಲ್ಲ. ಮಕ್ಕಳಿದ್ದರೆ ಅವರವರ ಬದುಕಿನಲ್ಲಿದ್ದಾರೆ. ಗೆಳೆಯರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರಿಗೆ ಓಡಾಡಲು ಆಗುವುದಿಲ್ಲ. ಇಂಥವರಿಗೆ ಮನೆಯಿಂದ ಹೊರಗೆ ಹೋಗಲು ಒಂದು ಕಾರಣ ಬೇಕು. ದುಡ್ಡು ತೆಗೆಯಬೇಕು, ಬಿಲ್ ಕಟ್ಟಬೇಕು, ಡಾಕ್ಟರ ಚೀಟಿ ತೋರಿಸಿ ಔಷಧಿ ತರಬೇಕು, ಪುಸ್ತಕ ವಾಪಸ್ ಕೊಡಬೇಕು. ಕಾರಣ ಇದ್ದರೆ ಒಳ್ಳೆ ಬಟ್ಟೆ ಹಾಕಿಕೊಳ್ಳುತ್ತಾರೆ, ನಡೆಯುತ್ತಾರೆ, ನಾಲ್ಕು ಜನರ ಮುಖ ನೋಡುತ್ತಾರೆ. ಕೌಂಟರ್‌ನಲ್ಲಿ ಕೂತವರು "ಹೋದ ತಿಂಗಳು ಬರಲೇ ಇಲ್ವಲ್ಲ, ಹುಷಾರಿರಲಿಲ್ವಾ?" ಅಂತ ಕೇಳುತ್ತಾರೆ. ಆ ವಾರದಲ್ಲಿ ಅವರ ಆರೋಗ್ಯ ವಿಚಾರಿಸಿದವರು ಬಹುಶಃ ಅವರೊಬ್ಬರೇ.

ಇಂಥ ಸಣ್ಣ ಪರಿಚಯಗಳಿಗೆ ಏನು ಬೆಲೆ ಅಂತ ಸಂಶೋಧಕರು ಅಳೆದು ನೋಡಿದ್ದಾರೆ. ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಕಾಫಿ ಅಂಗಡಿಯಲ್ಲಿ ಪ್ರಯೋಗ ಮಾಡಿದರು. ಕೆಲವರಿಗೆ, ಕಾಫಿ ಕೊಡುವವರ ಜೊತೆ ನಕ್ಕು ಎರಡು ಮಾತಾಡಿ ಎಂದರು. ಇನ್ನು ಕೆಲವರಿಗೆ, ದುಡ್ಡು ಕೊಟ್ಟು ಕಾಫಿ ತಗೊಂಡು ಬೇಗ ಹೊರಟುಬಿಡಿ ಎಂದರು. ಮಾತಾಡಿದವರು ಹೊರಗೆ ಬಂದಾಗ ಹೆಚ್ಚು ಖುಷಿಯಾಗಿದ್ದರು. ನಾನೂ ಈ ಜನರ ನಡುವೆ ಒಬ್ಬ ಎಂಬ ಭಾವನೆಯೂ ಅವರಲ್ಲಿ ಹೆಚ್ಚಿತ್ತು. ಅದು ಯಾರು ಬೇಕಾದರೂ ಬರುವ ಅಂಗಡಿ. ಮನೆಗೆ ಹೋದರೆ ಮಾತಾಡಲು ಯಾರೂ ಇಲ್ಲದವರಿಗೆ ಆ ಎರಡು ಮಾತಿನ ತೂಕ ಎಷ್ಟಿರಬಹುದು?

ನಿಮ್ಮ ಲೆಕ್ಕದಲ್ಲಿ ಅದೇ ಎರಡು ಮಾತು ವ್ಯರ್ಥವಾದ ಸಮಯ. ಒಬ್ಬೊಬ್ಬ ಗ್ರಾಹಕರಿಗೆ ಎಷ್ಟು ನಿಮಿಷ ಅಂತ ಎಣಿಸುತ್ತೀರಿ, ಸಾಲು ಎಷ್ಟು ಬೇಗ ಕರಗಿತು ಅಂತ ನೋಡುತ್ತೀರಿ. ಅದು ತಪ್ಪು ಅನ್ನುವುದಿಲ್ಲ. ಸಂಸ್ಥೆ ನಡೆಸುವವರಿಗೆ ಖರ್ಚಿನ ಚಿಂತೆ ಇರಲೇಬೇಕು. ಆದರೆ ಅದೇ ಕೌಂಟರ್‌ನಿಂದ ನಡೆಯುತ್ತಿದ್ದ ಇನ್ನೊಂದು ಕೆಲಸ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ಬರೆಯದೇ ಇದ್ದದ್ದು ಮುಚ್ಚಿದಾಗಲೂ ನಿಮಗೆ ಕಾಣಿಸುವುದಿಲ್ಲ.

ಇದನ್ನು ಕಂಡುಕೊಂಡವರೂ ಇದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಯುಂಬೊ ಎಂಬ ಸೂಪರ್‌ಮಾರ್ಕೆಟ್ 2019ರಲ್ಲಿ ಒಂದು ನಿಧಾನದ ಕೌಂಟರ್ ತೆರೆಯಿತು. ಅವಸರ ಇಲ್ಲದವರು, ಬಿಲ್ ಮಾಡಿಸುತ್ತಾ ಹರಟೆ ಹೊಡೆಯಬೇಕು ಅನ್ನುವವರು ಆ ಸಾಲಿಗೆ ಬರಬಹುದು. ಒಂದು ಊರಿನಲ್ಲಿ ಶುರುವಾದದ್ದು ಜನರಿಗೆ ಇಷ್ಟವಾಗಿ ಆಮೇಲೆ ಬೇರೆ ಕಡೆಗಳಿಗೂ ಹಬ್ಬಿತು. ಅದನ್ನು ಮಾಡಿದ್ದು ಲಾಭಕ್ಕಾಗಿ ನಡೆಯುವ ವ್ಯಾಪಾರ ಸಂಸ್ಥೆ ಅನ್ನೋದನ್ನು ಗಮನಿಸಿ.

ಸ್ಪೇನ್‌ನಲ್ಲಿ ಆದದ್ದು ಇನ್ನೊಂದು ಥರ. ಅಲ್ಲಿ ಕಾರ್ಲೋಸ್ ಸಾನ್ ಹುವಾನ್ ಎಂಬ 78 ವರ್ಷದ ನಿವೃತ್ತ ಡಾಕ್ಟರು 2022ರ ಶುರುವಿನಲ್ಲಿ ಬ್ಯಾಂಕುಗಳ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದರು. "ನನಗೆ ವಯಸ್ಸಾಗಿದೆ, ನಾನು ದಡ್ಡನಲ್ಲ" ಅನ್ನೋದೇ ಅವರ ಘೋಷಣೆ. ಶಾಖೆಗಳು ಮುಚ್ಚುತ್ತಿದ್ದವು, ಕೌಂಟರ್ ಸಮಯ ಕಡಿಮೆಯಾಗುತ್ತಿತ್ತು, ಏನು ಕೇಳಿದರೂ ಆಪ್ ನೋಡಿ ಎಂಬ ಉತ್ತರ ಬರುತ್ತಿತ್ತು. 6 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಸರ್ಕಾರ ಮಧ್ಯೆ ಬಂತು. ಕೌಂಟರ್ ಸಮಯ ಹೆಚ್ಚಿಸುತ್ತೇವೆ, ವಯಸ್ಸಾದವರಿಗೆ ಮೊದಲ ಆದ್ಯತೆ ಕೊಡುತ್ತೇವೆ ಎಂದು ಬ್ಯಾಂಕುಗಳು ಅದೇ ಫೆಬ್ರವರಿಯಲ್ಲಿ ಒಪ್ಪಿದವು. ಇಷ್ಟು ಮಾಡಿಸಲು 78ನೇ ವಯಸ್ಸಿನಲ್ಲಿ ಒಬ್ಬರು ಹೋರಾಟಕ್ಕೆ ಇಳಿಯಬೇಕಾಯಿತಲ್ಲ, ನನಗೆ ಬೇಜಾರಾಗೋದು ಅದಕ್ಕೆ.

"ಕಲಿತರೆ ಆಯ್ತು, ಅದರಲ್ಲೇನಿದೆ" ಅಂತ ಹೇಳುವವರು ಬಹಳ. ಕಲಿಸುವವರ ಪಕ್ಕದಲ್ಲಿ ಒಂದು ಗಂಟೆ ಕೂತು ನೋಡಿ ಅಂತ ಅವರನ್ನು ಕೇಳಿಕೊಳ್ಳುತ್ತೇನೆ. ಕಲಿಯುವ ಮನಸ್ಸಿಲ್ಲದ ಹಿರಿಯರನ್ನು ನಾನು ಕಂಡದ್ದು ತೀರಾ ಕಡಿಮೆ. ತೊಂದರೆ ಅವರ ಬುದ್ಧಿಯಲ್ಲಿಲ್ಲ. ನೀವು ಮಾಡಿದ ವಸ್ತುವಿಗೂ ಅವರ ದೇಹಕ್ಕೂ ಹೊಂದಿಕೆ ಆಗುತ್ತಿಲ್ಲ.

ಬೆರಳಿನಿಂದಲೇ ಶುರು ಮಾಡೋಣ. ಬೆರಳು ತಾಗಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಫೋನಿನ ಸ್ಕ್ರೀನ್ ಗುರುತಿಸುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಒಣ ಬೆರಳನ್ನು ಸ್ಕ್ರೀನ್ ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಆಗ ಅವರು ಜೋರಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಫೋನಿಗೆ ಅದು ಬೇರೆಯೇ ಆಜ್ಞೆ. ಕೈ ಸ್ವಲ್ಪ ನಡುಗಿದರೆ ಐಕಾನ್ ಜರುಗಿ ಇನ್ನೆಲ್ಲೋ ಹೋಗಿ ಕೂರುತ್ತದೆ. "ಇಲ್ಲೇ ಇತ್ತು, ಈಗ ಕಾಣಿಸ್ತಿಲ್ಲ" ಅಂತ ಗಾಬರಿಯಿಂದ ಫೋನ್ ನನ್ನ ಕೈಗೆ ಕೊಡುತ್ತಾರೆ. ತಾವೇನೋ ಹಾಳುಮಾಡಿದೆವು ಅನ್ನೋ ಭಯ ಮುಖದ ಮೇಲೆ ಇರುತ್ತದೆ. ಬೆರಳಚ್ಚಿನ ಗೆರೆಗಳೂ ಸವೆದಿರುತ್ತವೆ. ಯಂತ್ರ ಅವರ ಸ್ವಂತ ಬೆರಳನ್ನೇ ಒಪ್ಪುವುದಿಲ್ಲ. ನೀವು ನೀವೇ ಅಲ್ಲ ಅಂತ ಒಂದು ಯಂತ್ರ ಮತ್ತೆ ಮತ್ತೆ ಹೇಳಿದರೆ ಮನಸ್ಸಿಗೆ ಹೇಗಾಗಬಹುದು, ನೀವೇ ಹೇಳಿ.

ಇನ್ನು ಕಿವಿ. ವಯಸ್ಸಾದಂತೆ ಮೊದಲು ಮರೆಯಾಗೋದು ಹೆಚ್ಚು ಕಂಪನದ ಸದ್ದುಗಳು. ಸ, ಶ, ಫ ಮುಂತಾದ ಅಕ್ಷರಗಳನ್ನು ಒಂದರಿಂದ ಒಂದು ಬೇರೆ ಮಾಡಿ ಕೇಳಲು ಬೇಕಾದ ಸದ್ದು ಇರೋದು ಅಲ್ಲೇ. ಹಳೆಯ ಫೋನ್ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಒಳಗಿನ ಸದ್ದನ್ನಷ್ಟೇ ದಾಟಿಸುತ್ತದೆ. ಉಳಿದದ್ದನ್ನು ಕತ್ತರಿಸಿಬಿಡುತ್ತದೆ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ, ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಆ ಆಸರೆ ಇಲ್ಲ. "ದನಿ ಕೇಳಿಸುತ್ತೆ, ಏನು ಹೇಳ್ತಾರೆ ಅಂತ ಗೊತ್ತಾಗಲ್ಲ" ಅನ್ನೋದನ್ನು ನಾನು ಎಷ್ಟು ಜನರಿಂದ ಕೇಳಿದ್ದೇನೋ. ಇಂಥವರಿಗೆ ಸಹಾಯವಾಣಿ ಅಂತ ನೀವು ಕೊಟ್ಟಿರೋದು ರೆಕಾರ್ಡ್ ಮಾಡಿದ ಒಂದು ದನಿ. ಇದಕ್ಕೆ ಒಂದನ್ನು ಒತ್ತಿ, ಅದಕ್ಕೆ ಎರಡನ್ನು ಒತ್ತಿ ಅನ್ನುತ್ತಾ ಹೋಗುತ್ತದೆ. ಕೇಳಿಸಿಕೊಳ್ಳಲು ಫೋನ್ ಕಿವಿಗೆ ಇಡಬೇಕು, ಒತ್ತಲು ಕಣ್ಣ ಮುಂದೆ ತರಬೇಕು. ಅಷ್ಟರಲ್ಲಿ ಕಾಲ್ ಕಟ್.

ಕಣ್ಣಿನ ವಿಷಯ ಎಲ್ಲರಿಗೂ ಗೊತ್ತಿರೋದೇ, ಆದರೂ ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಬಣ್ಣದ ಅಕ್ಷರ ಇಡೋದನ್ನು ನೀವು ಬಿಟ್ಟಿಲ್ಲ.

ಒಟಿಪಿ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಖ್ಯೆ ಒಂದು ಕಡೆ ಬರುತ್ತದೆ, ಹಾಕಬೇಕಾದ ಜಾಗ ಇನ್ನೊಂದು ಕಡೆ ಇರುತ್ತದೆ. ಮೆಸೇಜ್ ತೆರೆದು, ನೆನಪಿಟ್ಟುಕೊಂಡು, ವಾಪಸ್ ಬಂದು, ಕನ್ನಡಕ ಸರಿಮಾಡಿಕೊಂಡು ಹಾಕುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮತ್ತೆ ಮೊದಲಿಂದ. ಮೂರು ಸಲ ಹೀಗಾದರೆ ಖಾತೆಗೇ ಬೀಗ. ಇದಕ್ಕೆಲ್ಲ ಪರಿಹಾರ ಗೊತ್ತಿಲ್ಲದೆ ಏನಿಲ್ಲ. ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಎಂಬ ಸಂಸ್ಥೆಯ ಮಾರ್ಗಸೂಚಿಗಳು ವರ್ಷಗಳಿಂದ ಇವೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಪ್ರಮಾಣದ ವ್ಯತ್ಯಾಸ ಇರಲಿ ಅನ್ನುತ್ತವೆ. ಸಮಯದ ಮಿತಿಯನ್ನು ಹಿಗ್ಗಿಸಿಕೊಳ್ಳುವ ದಾರಿ ಇರಲಿ ಅನ್ನುತ್ತವೆ. 2023ರ ಅಕ್ಟೋಬರ್‌ನಲ್ಲಿ ಬಂದ 2.2ನೇ ಆವೃತ್ತಿಯಲ್ಲಿ ಇನ್ನೂ ಒಂದು ಸೇರಿತು. ಲಾಗಿನ್ ಆಗಲು ಜ್ಞಾಪಕಶಕ್ತಿಯ ಪರೀಕ್ಷೆ ಒಂದೇ ದಾರಿ ಆಗಬಾರದು ಅನ್ನುತ್ತದೆ ಅದು. ಇದನ್ನೆಲ್ಲ ನಿಮ್ಮ ತಂಡದವರು ಓದಿರುತ್ತಾರೆ. ಜಾರಿ ಮಾಡುವ ಮನಸ್ಸು ಬೇಕು.

"ಮನೆಯಲ್ಲಿ ಮಕ್ಕಳನ್ನು ಕೇಳಿ" ಅನ್ನೋದು ನಿಮ್ಮವರು ಕೊಡುವ ಇನ್ನೊಂದು ಉತ್ತರ. ಮಕ್ಕಳೇ ಇಲ್ಲದವರ ಮಾತು ಬಿಡಿ, ಇರುವವರ ಕಥೆ ಕೇಳಿ. ವಾರಕ್ಕೊಮ್ಮೆ ಮಗಳು ಫೋನ್ ಮಾಡುತ್ತಾಳೆ. ಮೊದಲಾದರೆ ಆ ಹೊತ್ತು ಊಟ, ನಿದ್ದೆ, ನೆಂಟರು, ಹಳೆ ನೆನಪು ಅಂತ ಕಳೆಯುತ್ತಿತ್ತು. ಈಗ ಆ ಹೊತ್ತೆಲ್ಲ ಪಾಸ್‌ವರ್ಡ್‌ಗೆ ಹೋಗುತ್ತದೆ. "ಮೇಲೆ ಮೂರು ಗೆರೆ ಇದೆಯಲ್ಲ, ಅದನ್ನು ಒತ್ತಮ್ಮ. ಅದಲ್ಲ, ಪಕ್ಕದ್ದು." ಕೊನೆಗೆ ಮಗಳಿಗೆ ಸಿಡಿಮಿಡಿ, ತಾಯಿಗೆ ಸಂಕೋಚ. ಮುಂದಿನ ಸಲ ತಾಯಿ ಕೇಳುವುದನ್ನೇ ಬಿಡುತ್ತಾಳೆ. ಕೆಲಸ ಹಾಗೇ ಉಳಿಯುತ್ತದೆ, ಇಲ್ಲವೇ ಪಾಸ್‌ವರ್ಡ್, ಖಾತೆ ಎಲ್ಲ ಮಕ್ಕಳ ಕೈಗೆ ಹೋಗುತ್ತದೆ. ನಿನ್ನೆವರೆಗೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳುತ್ತಿದ್ದವರು ಇವತ್ತು ತಮ್ಮ ದುಡ್ಡು ಎಷ್ಟಿದೆ ಅಂತ ಇನ್ನೊಬ್ಬರನ್ನು ಕೇಳುತ್ತಾರೆ. ನಿಮ್ಮ ಕೌಂಟರಿನ ಕೆಲಸವನ್ನು ನೀವು ಮನೆಯವರ ತಲೆಗೆ ಕಟ್ಟಿದ್ದೀರಿ. ಅದರಿಂದ ಸವೆಯುತ್ತಿರೋದು ಅವರ ಪ್ರೀತಿಯ ಸಮಯ.

ಹಾಗಾದರೆ ತಂತ್ರಜ್ಞಾನದಿಂದ ಒಂಟಿತನ ಕಡಿಮೆ ಆಗುವುದೇ ಇಲ್ಲವಾ? ಆಗುತ್ತದೆ. ಅಮೆರಿಕದಲ್ಲಿ ಶೀಲಿಯಾ ಕಾಟನ್ ಮತ್ತು ಜೊತೆಗಾರರು ನಿವೃತ್ತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯೊಂದರ ಮಾಹಿತಿ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಇಂಟರ್ನೆಟ್ ಬಳಸುವವರಲ್ಲಿ ಖಿನ್ನತೆಯ ಸಾಧ್ಯತೆ ಸುಮಾರು ಶೇ. 33ರಷ್ಟು ಕಡಿಮೆ ಇತ್ತು. ಒಬ್ಬರೇ ವಾಸ ಮಾಡುವವರಿಗೆ ಅದರ ಉಪಯೋಗ ಇನ್ನೂ ಜಾಸ್ತಿ. ನನ್ನ ತರಗತಿಯಲ್ಲಿ ಕಂಡದ್ದಕ್ಕೆ ಇದು ಹೊಂದುತ್ತದೆ.

ಇನ್ನೊಂದು ಫಲಿತಾಂಶವನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಕೋವಿಡ್ ಹೊತ್ತಿನಲ್ಲಿ, 2020ರಲ್ಲಿ, ವಿಡಿಯೋ ಕಾಲ್‌ನಿಂದ ವಯಸ್ಸಾದವರ ಒಂಟಿತನ ಕಡಿಮೆಯಾಗುತ್ತದೆಯೇ ಎಂದು, ಆರೋಗ್ಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಲೆಕ್ಕಕ್ಕೆ ಬರುವಂಥ ಅಧ್ಯಯನಗಳು ಸಿಕ್ಕಿದ್ದು ಮೂರೇ. ಮೂರೂ ತೈವಾನ್‌ನ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದವು. ಎಲ್ಲ ಸೇರಿ ಇದ್ದವರು 201 ಜನ. ಒಂಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಪುರಾವೆಯೂ ಬಹಳ ಅನಿಶ್ಚಿತ ಅಂತ ಪರಿಶೀಲಕರು ಬರೆದರು. ಇವೆರಡನ್ನೂ ಒಟ್ಟಿಗೆ ಓದಿದರೆ ನನಗೆ ಅನಿಸೋದು ಇದು. ಆ ಕಡೆ ಒಬ್ಬ ಮನುಷ್ಯ ಇದ್ದರೆ ಫೋನ್ ಒಳ್ಳೆ ಸೇತುವೆ. ಆ ಕಡೆ ಯಾರೂ ಇಲ್ಲದಿದ್ದರೆ ಎಷ್ಟು ಒಳ್ಳೆ ಸೇತುವೆ ಕಟ್ಟಿದರೂ ಏನು ಬಂತು? ಹಿರಿಯರಿಗೆ ಟ್ಯಾಬ್ಲೆಟ್ ಹಂಚಿ ಫೋಟೋ ತೆಗೆಸಿಕೊಂಡು ಕೈತೊಳೆದುಕೊಳ್ಳುವ ಯೋಜನೆಗಳು ಸೋಲೋದು ಇಲ್ಲೇ. ಯಾರಿಗೆ ಕಾಲ್ ಮಾಡಬೇಕು ಅಂತ ಯಾರೂ ಯೋಚಿಸಿರುವುದಿಲ್ಲ.

ಬೆಳಗಿನ ಶುಭೋದಯದ ಮೆಸೇಜ್‌ಗಳನ್ನು ನೋಡಿ ಎಳೆಯರು ನಗುತ್ತಾರಲ್ಲ, ಅದರ ಬಗ್ಗೆಯೂ ಹೇಳಬೇಕು. ಹೂವಿನ ಚಿತ್ರ, ಒಂದು ಸಾಲು. ಅದನ್ನು ಕಳಿಸೋದು ಹೇಗೆ ಅಂತ ಕಲಿಯಲು ಹಿರಿಯರು ತುಂಬಾ ಆಸೆ ಪಡುತ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬರು ಹೇಳಿದರು, "ನಾನು ಎದ್ದಿದ್ದೀನಿ ಅಂತ ಅವರಿಗೆ ಗೊತ್ತಾಗುತ್ತೆ. ಅವರು ಉತ್ತರ ಕೊಟ್ಟರೆ ಅವರೂ ಎದ್ದಿದ್ದಾರೆ ಅಂತ ನಂಗೆ ಗೊತ್ತಾಗುತ್ತೆ." ನಿಮ್ಮ ಮನೆಯ ಹಿರಿಯರು ಕಳಿಸಿದರೆ ದಯವಿಟ್ಟು ಉತ್ತರ ಕೊಡಿ.

ಈಗ ಮಾತಾಡುವ ರೋಬಾಟ್‌ಗಳು, ಜೊತೆಗಾರ ಆಪ್‌ಗಳು ಬರುತ್ತಿವೆ. ಜಪಾನಿನಲ್ಲಿ ತಯಾರಾದ ಪಾರೊ ಎಂಬ ಸೀಲ್ ಮರಿಯ ರೂಪದ ರೋಬಾಟ್ ಎಷ್ಟೋ ಆರೈಕೆ ಕೇಂದ್ರಗಳಲ್ಲಿದೆ. ಮರೆವಿನ ಕಾಯಿಲೆ ಇರುವವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಾ ಸಮಾಧಾನ ಆಗುತ್ತಾರೆ. ಅವರ ನೆಮ್ಮದಿಯನ್ನು ಕೀಳಾಗಿ ನೋಡುವ ಹಕ್ಕು ನನಗಿಲ್ಲ. ನನ್ನ ಆತಂಕ ಇರೋದು ನಿಮ್ಮ ಬಗ್ಗೆ. ಯಂತ್ರ ಮಾತಾಡಿಸುತ್ತಿದೆ, ಇನ್ನು ಮನುಷ್ಯರು ಬರಬೇಕಾಗಿಲ್ಲ ಅಂತ ಯಾರಾದರೂ ಒಂದು ಸಭೆಯಲ್ಲಿ ತೀರ್ಮಾನ ಮಾಡಿಬಿಟ್ಟರೆ? ಅಂಥ ತೀರ್ಮಾನ ಆಗದಂತೆ ಈಗಲೇ ನಿಯಮದಲ್ಲಿ ಬರೆದಿಡಿ.

ಒಂಟಿತನ ಎಲ್ಲಿದೆಯೋ ಅಲ್ಲಿಗೆ ಮೋಸಗಾರರು ಬರುತ್ತಾರೆ. ಅಮೆರಿಕದ ಎಫ್‌ಬಿಐಗೆ 2024ರಲ್ಲಿ ಬಂದ ಇಂಟರ್ನೆಟ್ ವಂಚನೆ ದೂರುಗಳಲ್ಲಿ 60 ದಾಟಿದವರು ಕಳೆದುಕೊಂಡ ಹಣವೇ ಸುಮಾರು 490 ಕೋಟಿ ಡಾಲರ್. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ಎಚ್ಚರಿಕೆಯ ಮೆಸೇಜ್‌ಗಳನ್ನು ನೀವು ದಿನಾ ಕಳಿಸುತ್ತೀರಿ, ಸರಿ. ಆದರೆ ವ್ಯತ್ಯಾಸ ನೋಡಿ. ನಿಮಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ. ಮೋಸಗಾರ ತಾನಾಗಿಯೇ ಫೋನ್ ಮಾಡುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಒಂದು ಗಂಟೆ ಬೇಕಾದರೂ ತಾಳ್ಮೆಯಿಂದ ಮಾತಾಡುತ್ತಾನೆ. ಅನುಮಾನ ಬಂದ ಕೂಡಲೇ ವಿಚಾರಿಸಲು ಪರಿಚಯದ ಒಬ್ಬ ಸಿಬ್ಬಂದಿ ಇದ್ದಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು. ಮೋಸ ಹೋದವರು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಫೋನ್ ಕಿತ್ತುಕೊಂಡುಬಿಡುತ್ತಾರೆ ಅನ್ನೋ ಹೆದರಿಕೆ ಅವರಿಗೆ. ಹಾಗೆ ಸುಮ್ಮನಾದವರು ಮೊದಲಿಗಿಂತ ಹೆಚ್ಚು ಒಂಟಿಯಾಗುತ್ತಾರೆ.

ಹಳೆಯ ವ್ಯವಸ್ಥೆಯನ್ನು ಅವಸರದಲ್ಲಿ ಕಿತ್ತುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ ಹಳೆಯ ಲ್ಯಾಂಡ್‌ಲೈನ್‌ಗಳನ್ನೆಲ್ಲ ಇಂಟರ್ನೆಟ್ ಮೇಲೆ ನಡೆಯುವ ಲೈನ್‌ಗಳಿಗೆ ಬದಲಾಯಿಸುವ ಕೆಲಸ ನಡೆಯುತ್ತಿದೆ. ಬಿದ್ದಾಗ ಒತ್ತಲಿ ಅಂತ ಒಂಟಿ ಹಿರಿಯರು ಕತ್ತಿಗೆ ಹಾಕಿಕೊಳ್ಳುವ ತುರ್ತು ಗುಂಡಿ ಎಷ್ಟೋ ಮನೆಗಳಲ್ಲಿ ಅದೇ ಲ್ಯಾಂಡ್‌ಲೈನ್ ಮೇಲೆ ನಿಂತಿದೆ. ಲೈನ್ ಬದಲಾದ ಮೇಲೆ ಕೆಲವು ಕಡೆ ಅದು ಕೆಲಸ ಮಾಡಲಿಲ್ಲ. ಗಂಭೀರ ಘಟನೆಗಳಾದವು. 2023ರ ಡಿಸೆಂಬರ್‌ನಲ್ಲಿ ಬಲವಂತದ ಬದಲಾವಣೆಯನ್ನು ನಿಲ್ಲಿಸಬೇಕಾಯಿತು. ಗಡುವನ್ನೂ 2027ರ ಜನವರಿಗೆ ಮುಂದೂಡಿದರು. ಮೊದಲೇ ಆ ಮನೆಗಳಿಗೆ ಹೋಗಿ ಕೇಳಿದ್ದರೆ ಇದು ಗೊತ್ತಾಗುತ್ತಿತ್ತು.

ಇನ್ನು ಕೆಲವು ವರ್ಷ ಕಾದರೆ ಈ ಸಮಸ್ಯೆ ತಾನಾಗಿಯೇ ಮುಗಿಯುತ್ತದೆ, ಈಗಿನ ಎಳೆಯರಿಗೆ ಎಲ್ಲ ಗೊತ್ತಲ್ವಾ ಅನ್ನೋ ವಾದವನ್ನೂ ಕೇಳಿದ್ದೇನೆ. ಇದು ಕಾಯುತ್ತಿರುವವರ ಬಗ್ಗೆ ಕರುಣೆ ಇಲ್ಲದ ಮಾತು. ನಿಜವೂ ಅಲ್ಲ. ಕಂಪ್ಯೂಟರಿನಲ್ಲೇ ಜೀವನ ಕಳೆದು ನಿವೃತ್ತರಾದವರು ನನ್ನ ಹತ್ತಿರ ಬರುತ್ತಾರೆ. ಅವರು ಕಲಿತ ವಿಧಾನ ಈಗ ಯಾವುದರಲ್ಲೂ ಉಳಿದಿಲ್ಲ. ಇವತ್ತು ಫೋನ್ ಸಲೀಸಾಗಿ ಬಳಸುವವರ ಕಣ್ಣು, ಕಿವಿ, ಬೆರಳುಗಳಿಗೂ ವಯಸ್ಸಾಗುತ್ತದೆ. ಅಷ್ಟರಲ್ಲಿ ನೀವು ಇನ್ನೇನೋ ತಂದಿರುತ್ತೀರಿ. 2050ರ ಹೊತ್ತಿಗೆ ಜಗತ್ತಿನಲ್ಲಿ 60 ದಾಟಿದವರು 210 ಕೋಟಿ ಇರುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಗುಂಪಿನಲ್ಲಿ ನಾನಿರುತ್ತೇನೆ, ನಿಮ್ಮಲ್ಲಿ ಬಹಳಷ್ಟು ಜನ ಇರುತ್ತೀರಿ.

ಹಾಗಾಗಿ ಕೇಳುತ್ತಿದ್ದೇನೆ. ಯಾವ ಸೇವೆಯನ್ನು ಆಪ್‌ಗೆ ತಂದರೂ ಅದೇ ಸೇವೆ ಮನುಷ್ಯರ ಕೈಯಿಂದಲೂ ಸಿಗಲಿ. ಅದಕ್ಕೆ ಹೆಚ್ಚು ಶುಲ್ಕ ಬೇಡ, ದೂರದ ಒಂದೇ ಶಾಖೆಗೆ ಓಡಾಡಿಸೋದು ಬೇಡ. ಮೊದಲ ರಿಂಗ್‌ಗೇ ಮನುಷ್ಯರು ಎತ್ತುವ ಒಂದು ಫೋನ್ ನಂಬರ್ ಇರಲಿ. ಆ ಫೋನ್ ಎತ್ತುವವರ ಕೆಲಸವನ್ನು ನಿಮಿಷದಲ್ಲಿ ಅಳೆಯಬೇಡಿ. ಆಪ್ ಹೊರಗೆ ಬಿಡುವ ಮುಂಚೆ 75 ದಾಟಿದ ಹತ್ತು ಜನರ ಕೈಗೆ ಕೊಟ್ಟು, ಮಧ್ಯೆ ಬಾಯಿ ಹಾಕದೆ ನೋಡಿ. ಅಪ್‌ಡೇಟ್ ಹೆಸರಲ್ಲಿ ಸುಮ್ನೆ ಬಟನ್‌ಗಳ ಜಾಗ ಬದಲಾಯಿಸಬೇಡಿ. ಅವರು ಕಷ್ಟಪಟ್ಟು ಬರೆದುಕೊಂಡ ಚೀಟಿ ಒಂದೇ ರಾತ್ರಿಯಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ.

ಕಲಿಸುವ ಕೆಲಸಕ್ಕೂ ನೀವು ಕೈ ಜೋಡಿಸಬಹುದು. ನಿಮ್ಮ ಕಟ್ಟಡದಲ್ಲಿ ಒಂದು ಕೋಣೆ, ಕೆಲವು ಕುರ್ಚಿ, ವಾರಕ್ಕೊಂದು ಮಧ್ಯಾಹ್ನ ಸಾಕು. ಒಬ್ಬೊಬ್ಬರನ್ನೇ ಕೂರಿಸಿ ಕಲಿಸಬೇಡಿ, ಗುಂಪಿನಲ್ಲಿ ಕಲಿಸಿ. ನಾನು ಹೇಳಿದ್ದಕ್ಕಿಂತ ಪಕ್ಕದವರು ಹೇಳಿದ್ದು ಅವರಿಗೆ ಬೇಗ ಹತ್ತುತ್ತದೆ. ನಂಬರ್ ಬದಲಾಯಿಸಿಕೊಳ್ಳುತ್ತಾರೆ. ಪಾಠ ಮುಗಿದ ಮೇಲೂ ಎದ್ದು ಹೋಗುವುದಿಲ್ಲ. ವಿಡಿಯೋ ಕಾಲ್ ಮಾಡಲು ಯಾರೂ ಇಲ್ಲ ಅಂದಿದ್ದವರು ಅಲ್ಲಿ ಪರಿಚಯವಾದವರಿಗೇ ಕಾಲ್ ಮಾಡುತ್ತಾರೆ. ಒಬ್ಬರು ಎರಡು ವಾರ ಬರದಿದ್ದರೆ ಇನ್ನೊಬ್ಬರು ಮನೆಗೇ ಹೋಗಿ ವಿಚಾರಿಸಿಕೊಂಡು ಬರುತ್ತಾರೆ.

ಕೌಂಟರ್ ಮುಚ್ಚುವ ಮುಂದಿನ ಕಡತ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಎಷ್ಟು ಖರ್ಚು ಉಳಿಯುತ್ತದೆ ಎಂಬ ಅಂಕಿ ಅದರಲ್ಲಿ ಇರುತ್ತದೆ. ಆ ಕೌಂಟರ್‌ಗೆ ಬರುವವರಲ್ಲಿ 70 ದಾಟಿದವರು ಎಷ್ಟು, ಅವರಲ್ಲಿ ಒಬ್ಬರೇ ಇರುವವರು ಎಷ್ಟು, ಮುಚ್ಚಿದ ಮೇಲೆ ಅವರು ಯಾರನ್ನು ಮಾತಾಡಿಸುತ್ತಾರೆ ಅಂತ ಕೇಳಿ ಅದೇ ಕಡತವನ್ನು ವಾಪಸ್ ಕಳಿಸಿ. ಉತ್ತರ ಬರುವ ತನಕ ಸಹಿ ಹಾಕಬೇಡಿ.

ಇಂತಿ,
ಹಿರಿಯರಿಗೆ ಫೋನ್ ಹೇಳಿಕೊಡುವ ಒಬ್ಬರು